ಇಪ್ಪತ್ತೊಂದು ಡಿಗ್ರಿಯ ಕೋಣೆ

ಹೊರಗೆ ಸೊಹಾರ್. ನಲವತ್ತಾರು.
ಕಾರಿನ ಬೆಲ್ಟಿನ ಲೋಹಕ್ಕೆ ಬೆರಳು ತಾಗಿ
ಚುಮ್ಮಿ ಅತ್ತದ್ದು ಈಗಷ್ಟೇ.
ಒಳಗೆ ಇಪ್ಪತ್ತೊಂದು, ಒಂದು ಹೆಚ್ಚಿಲ್ಲ ಕಡಿಮೆಯಿಲ್ಲ.
ಎರಡು ಗಂಟೆ ಮುಂಚಿನಿಂದ ಚಹಾ ಕೂಡದು,
ಮುಲಾಮು ಕೂಡದು, ಬಿಸಿನೀರ ಸ್ನಾನ ಕೂಡದು.
ಸೊಂಟದವರೆಗೆ ಬಟ್ಟೆ ಬಿಚ್ಚಿ
ಕೈಯೆರಡೂ ತಲೆಯ ಮೇಲಿಟ್ಟು
ಹದಿನೈದು ನಿಮಿಷ ಕೂರಬೇಕು
ಕದ್ದು ಸಿಕ್ಕಿಬಿದ್ದವಳ ಹಾಗೆ.

ಇದು ಐದನೆಯ ಸಲ.
ಡಾಕ್ಟರಮ್ಮ ಈಜಿಪ್ಟಿನವರು, ಜಕಾರ ಹೊರಳದು.
ಗಲಗಾ, ಎಂದು ಕರೆಯುತ್ತಾರೆ ನನ್ನನ್ನು.
ಜಲಜಾ ಎಂಬ ನನ್ನಜ್ಜಿಯ ಹೆಸರು ಈ ಊರಲ್ಲಿ
ಡಬ್ಬಿಯೊಳಗಿನ ಹುಣಿಸೆಬೀಜದಂತೆ ಸದ್ದು ಮಾಡುತ್ತದೆ.
ನೀರಲ್ಲಿ ಹುಟ್ಟಿದವಳು ಅಂತ ಅರ್ಥ, ಅಂದಿದ್ದೆ.
ನಕ್ಕು, ಎಡಮೊಲೆಯ ಕೆಂಪಿನ ಸುತ್ತ
ಪೆನ್ನಿನಿಂದ ಒಂದು ಗಡಿ ಎಳೆದಿದ್ದರು.

ಗಂಟು ಕೈಗೆ ಸಿಕ್ಕ ರಾತ್ರಿ
ಆ ಶಬ್ದ ಇವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.
ಸೂಜಿಯಲ್ಲಿ ತೆಗೆದ ಚೂರು ಮಸ್ಕತ್ತಿಗೆ ಹೋಗಿ
ಒಂಬತ್ತು ದಿನಕ್ಕೆ ಉತ್ತರ ಬಂತು: ಅದಲ್ಲ.
ಅದಲ್ಲ, ಆದರೆ ಉದ್ದ ಹೆಸರಿನ ಒಂದು ಉರಿಯೂತ.
ಯಾಕೆ ಬರುತ್ತದೋ ಅವರಿಗೂ ಸರಿಯಾಗಿ ಗೊತ್ತಿಲ್ಲ,
ಹೋಗಲು ವರ್ಷ ಹಿಡಿದರೂ ಹಿಡಿಯಬಹುದು.
ಮಗು ಮೊಲೆ ಬಿಟ್ಟು ಎರಡು ವರ್ಷವಾದ ಮೇಲೆ
ಹಾಲು ಹರಿದ ದಾರಿಯಲ್ಲಿ ಬೆಂಕಿ.

ಕ್ಯಾಮೆರಾ ಮುಟ್ಟುವುದಿಲ್ಲ, ಒತ್ತುವುದಿಲ್ಲ.
ರೋಗದ ಹೆಸರೂ ಅದಕ್ಕೆ ತಿಳಿಯದು.
ಬಿಸಿ ಎಲ್ಲಿ, ಎಷ್ಟು, ಹೋದ ಸಲಕ್ಕಿಂತ
ಏರಿತೋ ಇಳಿಯಿತೋ, ಅಷ್ಟೇ ಅದರ ವಿದ್ಯೆ.
ಪರದೆಯ ಮೇಲೆ ನಾನು: ಮೂಗು ನೀಲಿ, ಕತ್ತು ಹಳದಿ,
ಬಲಮೊಲೆ ಹಸಿರು, ತನ್ನ ಪಾಡಿಗೆ ತಾನು.
ಎಡದಲ್ಲಿ ಕೆಂಡ, ಕೆಂಡದ ನಡುವೆ ಬಿಳಿ.

ಇವರಿಗೆ ಈ ಬಣ್ಣ ಹೊಸದಲ್ಲ.
ಬಂದರಿನ ಕಾರ್ಖಾನೆಯಲ್ಲಿ ರಾತ್ರಿಪಾಳಿ,
ಇಂಥದ್ದೇ ಕ್ಯಾಮೆರಾ ಹಿಡಿದು
ಸ್ವಿಚ್‌ಬೋರ್ಡುಗಳ ಸಾಲಿನ ಮುಂದೆ ನಡೆಯುವ ಕೆಲಸ.
ಬಿಳಿ ಕಂಡರೆ ಎಲ್ಲೋ ಬೋಲ್ಟು ಸಡಿಲ.
ಲೈನ್ ಆರಿಸು, ಬಿಗಿ ಮಾಡು, ಸಹಿ ಹಾಕು.
ಮೊದಲ ಚಿತ್ರ ನೋಡಿದ ದಿನ
ಎಂಜಿನ್ ಹಾಕದೆ ಸ್ಟೇರಿಂಗ್ ಹಿಡಿದು ಕೂತೇ ಇದ್ದರು.
“ನಮ್ಮಲ್ಲಾದ್ರೆ ಆ ಪ್ಯಾನೆಲ್ಲೇ ಬಂದ್ ಮಾಡ್ತಿದ್ದೆ” ಅಂದರು.
ನಾನು ಬಂದ್ ಆಗುವುದು ಹೇಗೆ,
ಸಂಜೆ ಚುಮ್ಮಿಗೆ ದೋಸೆ ಹೊಯ್ಯಬೇಕಿತ್ತು.

ಎಡಕ್ಕೂ ಬಲಕ್ಕೂ ಅಂತರ ಮೊದಲು ಮೂರು.
ಸ್ಟಿರಾಯ್ಡ್ ಗುಳಿಗೆ ನುಂಗಿ ಮುಖ ಕುಂಬಳಕಾಯಾಯಿತು.
ಎರಡು. ಆಮೇಲೆ ಒಂದೂಕಾಲು.
ಗುಳಿಗೆ ಇಳಿಸಿದ್ದೇ ತಡ ಮತ್ತೆ ಎರಡೂಮುಕ್ಕಾಲು,
ಚರ್ಮ ಕೆಂಪಾಗುವ ಮೊದಲೇ ಪರದೆ ಕೆಂಪಾಗಿತ್ತು.
ಆ ರಾತ್ರಿ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತೆ.
ಜುಲೈಯಲ್ಲಿ ಇಲ್ಲಿ ತಣ್ಣೀರಿನ ನಲ್ಲಿಗೂ
ಸುಡುನೀರೇ.

ಇವತ್ತು ಹದಿನಾಲ್ಕನೆಯ ನಿಮಿಷಕ್ಕೆ
ಅಪ್ಪನ ಕೈ ಕೊಸರಿಕೊಂಡು ಬಾಗಿಲು ನೂಕಿ
ಓಡಿ ಬಂದಳು ಚುಮ್ಮಿ,
ಅಂಗೈ ಪಟ್ಟನೆ ನನ್ನ ಹೊಟ್ಟೆಗೆ.
ಬದ್ರಿಯಾ “ಯಾ ಅಲ್ಲಾ” ಎಂದು ಎತ್ತಿಕೊಂಡಳು.
ಚಿತ್ರದಲ್ಲಿ ಐದು ಬೆರಳೂ ಮೂಡಿದ್ದವು,
ಹೊಕ್ಕುಳ ಬಳಿ, ಹಳದಿ ಹೂವಿನಷ್ಟು.
ಇದು ಕಡತಕ್ಕೆ ಬಾರದು, ಅಂದಳು.
ಮತ್ತೆ ಹದಿನೈದು ನಿಮಿಷ.
ಕೈ ತಲೆಯ ಮೇಲೆ. ಹಲ್ಲು ಕಟಕಟ.
ನೋಡುತ್ತ ಕೂತೆ: ಮೊದಲು ಕಿರುಬೆರಳು ಹೋಯಿತು,
ಹೆಬ್ಬೆರಳು ಸ್ವಲ್ಪ ಹಟ ಮಾಡಿತು,
ಕೊನೆಗೆ ಅಂಗೈಯ ಉಬ್ಬು.
ಎಷ್ಟು ಬೇಗ ಹೋಗುತ್ತದೆ ಬೇಕೆನಿಸಿದ ಬಿಸಿ!
ಎಡಗಡೆಯದು ಮಾತ್ರ ಬಾಡಿಗೆ ಕೊಡದ ಬಿಡಾರದಂತೆ.

ಒಂದೂವರೆ, ಅಂದರು ಡಾಕ್ಟರಮ್ಮ.
ವಾಸಿಯಾಗಿಲ್ಲ. ಇಳಿಯುತ್ತಿದೆ, ಗಲಗಾ.

ಕಾರಿನಲ್ಲಿ ಇವರು ಕೇಳಿದ್ದು ಅಂಕಿ ಮಾತ್ರ.
ಹೇಳಿದೆ.
ಬೆಲ್ಟಿನ ಲೋಹಕ್ಕೆ ದುಪಟ್ಟಾದ ತುದಿ ಸುತ್ತಿ
ಚುಮ್ಮಿಯನ್ನು ಕಟ್ಟಿದೆ.